ಅಚ್ಚಿನ ಗೆರೆ

ಮತ್ರಾ ಸೂಕಿನಲ್ಲಿ ಸಂಜೆ ನಾಲ್ಕೂವರೆಗೆ
ಶಟರುಗಳು ಒಂದೊಂದಾಗಿ ಮೇಲೇಳುತ್ತವೆ
ಮಧ್ಯಾಹ್ನದ ನಿದ್ದೆ ಮುಗಿಸಿದ ಮುದುಕರ ಹಾಗೆ
ಕೆಮ್ಮುತ್ತ.

ಲೋಬಾನದ ಹೊಗೆ ದಾಟಿ ಎಡಕ್ಕೆ, ಮತ್ತೂ ಎಡಕ್ಕೆ,
ಬಾಂಗ್ಲಾದ ಹುಡುಗ ಶಾಲು ಬೀಸಿ ಕರೆಯುವ ಮೂಲೆ ಕಳೆದರೆ
ಶಾಬಂದ್ರಿಯ ಅಂಗಡಿ.
ಹಳತು ಮಾರುತ್ತಾನೆ. ಎಲ್ಲ ಹೊಸದು.
ಹಡಗಿನ ಗಂಟೆ ಮುರಾದಾಬಾದಿನದು.
ದುರ್ಬೀನಿನ ಮೇಲೆ ೧೯೧೨ ಎಂದು ಕೆತ್ತಿದೆ,
ಅದರ ಪೆಟ್ಟಿಗೆಯಡಿ ಹೋದ ತಿಂಗಳ ಬಿಲ್ಲು.
ಚಹಾದ ನೀರಲ್ಲಿ ಮೂರು ದಿನ ನೆನೆದ ನಕಾಶೆಗಳಲ್ಲಿ
ಸಮುದ್ರವೂ ಕಂದು.

"ನಾನು ಸುಳ್ಳು ಹೇಳುವುದಿಲ್ಲ ಮೇಡಂ,
ಕೇಳದಿದ್ದರೆ ನಿಜವನ್ನೂ ಹೇಳುವುದಿಲ್ಲ"
ಭಟ್ಕಳದ ಕನ್ನಡದಲ್ಲಿ ನಗುತ್ತಾನೆ.
ನನಗೇನು ಸಿಟ್ಟಿಲ್ಲ. ನಾನೂ ಅಚ್ಚಿನವಳೇ.
ರೂವಿಯ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತೇನೆ.
ತುಸು ಹಳದಿ, ಅಂಚಿಗೊಂದು ಸಣ್ಣ ಕಲೆ
ಬಳಿಯದಿದ್ದರೆ ಯಾವ ಬಾಯಿಯೂ ನಂಬುವುದಿಲ್ಲ.

ಮೂರು ವರ್ಷದಿಂದ ಹುಡುಕಿದ್ದು ಇವತ್ತು ಸಿಕ್ಕಿದೆ,
ಮೇಲಿನ ಹಲಗೆಯಲ್ಲಿ, ಕಂಚಿನ ಒಂಟೆಯ ಹಿಂದೆ:
ಒಂಟಿ ಕಾಲಲ್ಲಿ ನಿಂತ ಹಸಿರು ಗಾಜಿನ ಬೋಗುಣಿ,
ಸುತ್ತಲೂ ದ್ರಾಕ್ಷಿ ಗೊಂಚಲು,
ಒಂದು ಎಲೆ ಮಾತ್ರ ತಿರುವಿ ಬಿದ್ದದ್ದು.

ಆ ಎಲೆಯನ್ನು ನಾನು ಒರೆಸಿದ್ದೇನೆ.
ದಾಂಡೇಲಿ, ಪೇಪರ್ ಮಿಲ್ಲಿನ ಆಫೀಸರ ಕ್ವಾರ್ಟರ್ಸು,
ಸ್ಟೂಲಿನ ಮೇಲೆ ಏಳು ವರ್ಷದ ಕಾಲು.
ಸಾಮಂತ ಬಾಯಿ ದಿನಾ ಹೇಳುತ್ತಿದ್ದರು:
ನಮ್ಮಜ್ಜ ವಿಲಾಯತಿಯಿಂದ ತಂದದ್ದು,
ಬಾಯಿಂದ ಊದಿ ಮಾಡಿದ್ದು,
ಇದರ ಜೋಡಿ ಜಗತ್ತಿನಲ್ಲೇ ಇಲ್ಲ.
ಆಮೇಲೆ ಅದೂ ಇರಲಿಲ್ಲ.

ಅವ್ವ ಹೊಡೆಯಲಿಲ್ಲ.
ಹನ್ನೊಂದು ತಿಂಗಳು, ನಲವತ್ತರಲ್ಲಿ ಐದು ಕಡಿತ.
ಆ ವರ್ಷ ನನ್ನ ಪಾಟಿಗೆ ಮೂಲೆ ಇರಲಿಲ್ಲ,
ನಮ್ಮ ಚಹಾಕ್ಕೆ ಹಾಲು ಇರಲಿಲ್ಲ,
ಮನೆಯಲ್ಲಿ ಗಾಜಿನ ಮಾತೂ ಇರಲಿಲ್ಲ.

ಶಾಬಂದ್ರಿ ಬೋಗುಣಿ ಮಗುಚಿ ತೋರಿಸುತ್ತಾನೆ:
"ಊದಿ ಮಾಡಿದ್ದಕ್ಕೆ ಹೊಕ್ಕುಳಿರುತ್ತದೆ,
ಸರಳಿನಿಂದ ಮುರಿದು ತೆಗೆದ ಗಾಯ.
ಇದಕ್ಕಿಲ್ಲ. ಇದಕ್ಕಿರುವುದು ಹೊಲಿಗೆ,
ಎರಡು ಅಚ್ಚು ಕೂಡಿದ ಕಡೆ. ಉಗುರು ಹಾಯಿಸಿ ನೋಡಿ."

ನನಗಿಂತ ಮೊದಲು
ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅವ್ವ
(ಅವಳ ವೀಸಾ ಇನ್ನು ಒಂಬತ್ತು ದಿನ)
ಕೈ ಚಾಚಿ ಇಸಿದುಕೊಂಡಳು.
ನೋಡಲಿಲ್ಲ. ಸೆರಗಿನಲ್ಲಿ ಧೂಳು ಒರೆಸಿ
ಹೆಬ್ಬೆರಳನ್ನು ಕಾಲಿನ ಒಳಬದಿಗೆ ಒಯ್ದು
ಮೇಲಿಂದ ಕೆಳಗೆ ಒಮ್ಮೆ ಎಳೆದಳು.

"ಹೂಂ. ಅದಕ್ಕೂ ಇಲ್ಲೇ ಇತ್ತು ಗೆರಿ."

ಸೂಕಿನ ಗದ್ದಲ ಅಲ್ಲೇ ಇತ್ತು, ನನಗೆ ಕೇಳಿಸಲಿಲ್ಲ.
ನಿನಗೆ ಗೊತ್ತಿತ್ತಾ?
"ನಾಕ ವರ್ಷ ದಿನಾ ತೊಳದ ಕೈಗೆ
ತಿಳೀದs ಇರತದೇನ?
ಹಳಿಯಾಳ ಸಂತ್ಯಾಗ ಅಂಥಾವು ಸಾಲಗಟ್ಲೆ ಇರ್ತಿದ್ದು."

ಹಾಗಾದರೆ ಹನ್ನೊಂದು ತಿಂಗಳು...
ಅವ್ವ ನನ್ನ ಕಡೆ ತಿರುಗಲಿಲ್ಲ, ಶಾಬಂದ್ರಿಗೆ ಹೇಳಿದಳು:
"ಎಷ್ಟಪಾ ಇದಕ್ಕ?"
ನಾಲ್ಕೂವರೆ ರಿಯಾಲು.
"ಎರಡಕ್ಕ ಕೊಡು. ಸಂತೀದು ಐತಿ."
ಅವನು ಎರಡೂವರೆಗೆ ಇಳಿದ.
ಮಲಯಾಳಂ ಪೇಪರಿನಲ್ಲಿ ಸುತ್ತಿಕೊಟ್ಟ,
ಕೂಸಿಗೆ ಕುಲಾವಿ ಕಟ್ಟಿದ ಹಾಗೆ.

ಹೊರಗೆ ಕಡಲ ದಂಡೆಯ ಕಟ್ಟೆ. ಬಿಳಿ ಹಡಗೊಂದು ಲಂಗರು ಹಾಕಿ
ದೀಪ ಹಚ್ಚಿಕೊಳ್ಳುತ್ತಿತ್ತು.
ಚೀಲ ತೊಡೆಯ ಮೇಲಿಟ್ಟು ಅವ್ವ ಬಹಳ ಹೊತ್ತಿಗೆ:
"ಹೇಳಿದ್ರ ಕೆಲಸಾ ಹೋಗ್ತಿತ್ತು."
ಗಿಳಿಹಸಿರು ನೀರಿನಲ್ಲಿ ಯಾರೋ ಎಸೆದ ರೊಟ್ಟಿಗೆ
ಮೀನು ಮುತ್ತಿದವು.
"ಮ್ಯಾಲೆ, ಅಕೀಗೆ ಗೊತ್ತಿರಲಿಲ್ಲ ನೋಡು. ಪಾಪ.
ಅಜ್ಜನ್ನ ಭಾಳ ನೆನಸ್ತಿದ್ಲು."

ಮನೆಗೆ ಬಂದು ಶೋಕೇಸಿನಲ್ಲಿ ಜಾಗ ಮಾಡಿದೆ,
ಹಿಂದೆ ಕನ್ನಡಿ, ಮೇಲೆ ಸಣ್ಣ ದೀಪ.
ಬೆಳಿಗ್ಗೆ ನೋಡಿದರೆ ಅಡುಗೆಕಟ್ಟೆಯ ಮೇಲಿದೆ,
ಒಂಟಿ ಕಾಲಲ್ಲಿ,
ತುಂಬ ಉಳ್ಳಾಗಡ್ಡಿ.